ಸುನಂದಾ ಬರೆದ ಕ್ಲಾಸಿಗೆ ಕೈ ಹಾಕಿದ್ದು

ನಿಮ್ಮ ಕ್ಲಾಸಿನಲ್ಲಿದ್ದ ‘ಪ್ರೈವೇಟ್’ ಎಂಬ ಪದವನ್ನು ಅಳಿಸಿ ‘ಪಬ್ಲಿಕ್’ ಎಂದು ಮಾಡಿದವನು ನಾನು, ಸುನಂದಾ. ನೀವಲ್ಲ.

ತೊಂಬತ್ತರ ದಶಕದ ಕೊನೆ. ಶ್ರೀರಂಗಪಟ್ಟಣದ ಆ ಕಂಪ್ಯೂಟರ್ ಸೆಂಟರಿನಲ್ಲಿ ಇಬ್ಬರೂ ಜಾವಾ ಕಲಿಯುತ್ತಿದ್ದೆವು — ನೀವು ನಾಗಮಂಗಲದಿಂದ ಬರುತ್ತಿದ್ದ ಬಿ.ಎಸ್ಸಿ., ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಬೆಳಿಗ್ಗೆಯೆಲ್ಲ ಕೆ.ಆರ್. ಪೇಟೆ ಕಡೆ ಹಾಲಿನ ವ್ಯಾನು ಓಡಿಸಿ ಬರುತ್ತಿದ್ದವನು. ಪಾಂಡವಪುರದ ಹತ್ತಿರದ ಒಂದು ಡೈರಿಗೆ ಪ್ರೋಗ್ರಾಂ ಬರೆಯುವ ಕೆಲಸ ಸೆಂಟರಿಗೆ ಬಂತು. ಪ್ರೋಗ್ರಾಮಿನ ಎರಡು ಭಾಗ, ಎರಡು ಕ್ಲಾಸ್: ಹಾಲಿನ ಕ್ಲಾಸ್ ನಿಮ್ಮದು, ಬಿಲ್ಲಿನ ಕ್ಲಾಸ್ ನನ್ನದು. ಅದು ಸರಿಯಾಗಿ ನಡೆದರೆ ನಿಮ್ಮನ್ನು ಸೆಂಟರಿನಲ್ಲೇ ಟೀಚರ್ ಮಾಡುವುದಾಗಿ ಓನರ್ ಹೇಳಿದ್ದರು.

ಹಾಲಿನ ಕೊಬ್ಬಿನ ಅಂಶ ತುಂಬುವ ಫ್ಯಾಟ್ ಎಂಬ ವೇರಿಯಬಲ್ಲನ್ನು ನೀವು ಪ್ರೈವೇಟ್ ಮಾಡಿದ್ದಿರಿ, ಬೇರೆ ಕ್ಲಾಸಿನವರು ಮುಟ್ಟದಂತೆ. ನನ್ನ ಕ್ಲಾಸಿನಿಂದ ಮುಟ್ಟಲು ಹೋದರೆ ಎರರ್.

‘ನೇರ ಕೈ ಹಾಕ್ಬೇಡಿ. ನಾನ್ ಬರ್ದಿರೋ ಮೆಥಡ್ ಮೂಲಕ ಕಳ್ಸಿ, ಅದು ಸರಿ-ತಪ್ಪು ನೋಡಿ ಒಳಗ್ ಬಿಡುತ್ತೆ. ಗೊತ್ತಾಗ್ಲಿಲ್ವ, ಕೇಳಿ, ತೋರಿಸ್ತೀನಿ,’ ಎಂದಿರಿ.

ಕೇಳಬೇಕಂತೆ. ಓದಿದವರನ್ನು. ಕೇಳಿದ್ದರೆ ನೀವು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬರುತ್ತಿದ್ದಿರಿ — ದಿನವೂ ನಾನು ಆಸೆಪಟ್ಟದ್ದು ಅದೊಂದನ್ನೇ — ಆದರೂ ಕೇಳಲಿಲ್ಲ. ನೀವು ಊಟಕ್ಕೆ ಎದ್ದಾಗ ನಿಮ್ಮ ಫೈಲು ತೆರೆದೆ. ಬದಲಿಸಿದ್ದು ಒಂದೇ ಪದ.

ನಮ್ಮ ಡೈರಿಗಳಲ್ಲಿ ನಾಲ್ಕೂವರೆ ಫ್ಯಾಟನ್ನು ನಲವತ್ತೈದು ಎಂದೇ ಕೂಗುವುದು. ವ್ಯಾನಿನವನ ರೂಢಿ, ನಾನೂ ನಲವತ್ತೈದು ಎಂದೇ ಹಾಕಿದೆ. ನಿಮ್ಮ ಮೆಥಡ್ಡಿಗೆ ಕಳಿಸಿದ್ದರೆ ಅದು ಹತ್ತರ ಮೇಲಿನದನ್ನು ಒಳಗೇ ಬಿಡುತ್ತಿರಲಿಲ್ಲ.

ಡೈರಿಯವರ ಎದುರಿಗೆ, ಸ್ಕ್ರೀನಿನ ಮೇಲೆ, ಶೇಕಡಾ ನಲವತ್ತೈದು ಬಂತು.

‘ಎಮ್ಮೆ ಕೆಚ್ಚಲಲ್ಲಿ ಬೆಣ್ಣೇನೇ ಕರೀತಾವ್ರೆ ಕಣ್ಲಾ,’ ಎಂದರು ಡೈರಿಯ ಅಧ್ಯಕ್ಷರು, ಪಕ್ಕದವನಿಗೆ. ಎಲ್ಲ ನಕ್ಕರು. ಓನರ್ ಮುಖ ಕಪ್ಪಿಟ್ಟಿತು. ಫೈಲು ತೆರೆಸಿದರು.

‘ಯಾರ ಕ್ಲಾಸಮ್ಮ ಇದು? ಪಬ್ಲಿಕ್ ಅಂತ ಬರ್ದ್‌ಬುಟ್ಟಿದ್ದೀರಲ್ಲ?’

ನೀವು ಆ ಸಾಲನ್ನು ನೋಡಿದಿರಿ. ಆಮೇಲೆ ನನ್ನನ್ನು. ನಾನು ಬಗ್ಗಿ ಬಿಲ್ಲಿನ ಹಾಳೆಗಳನ್ನು ಜೋಡಿಸತೊಡಗಿದೆ.

‘ನಂದೇ ಸಾರ್,’ ಅಂದಿರಿ.

ಟೀಚರ್ ಕೆಲಸ ಬೇರೆಯವರಿಗೆ ಹೋಯಿತು. ನೀವು ಮತ್ತೆ ಬರಲಿಲ್ಲ. ನಾಗಮಂಗಲದ ಬಸ್ಸು ನಿಲ್ಲುವಲ್ಲಿ ಎಷ್ಟೋ ಸಂಜೆ ನಿಂತಿದ್ದೇನೆ. ಈಗಲೂ ಆ ಬೋರ್ಡಿನ ಬಸ್ಸು ಕಂಡರೆ ಕಿಟಕಿಗಳನ್ನೆಲ್ಲ ನೋಡುತ್ತೇನೆ. ಕಂಡರೆ ಏನು ಹೇಳುತ್ತಿದ್ದೆನೋ —

ಗೊತ್ತಿದ್ದೂ ನೀವು ನನ್ನ ಹೆಸರು ಹೇಳಲಿಲ್ಲ. ಏಕೆ ಎಂದು ಇಷ್ಟು ವರ್ಷ ಯೋಚಿಸಿದ್ದೇನೆ. ನಿಮಗೂ ನನ್ನ ಮೇಲೆ ಏನಾದರೂ — ಇಲ್ಲ. ಹಾಗೆ ಅಂದುಕೊಳ್ಳುವ ಹಕ್ಕು ನನಗಿಲ್ಲ.