ಕಡ್ಡಿ ಎರಡು ಸಲ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಗೆರೆಗಳಲ್ಲಿ ಸದಾ ಕಪ್ಪು ಕೂತಿರುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ವಿಭೂತಿ ಹಚ್ಚಿಕೊಂಡ ಮೂರು ಬೆರಳು ಬೆಳ್ಳಗೆ, ಪಕ್ಕದ ಹೆಬ್ಬೆರಳು ಕಪ್ಪಗೆ. "ಮೂರು ಬೆರಳು ಶಿವನಿಗೆ, ಒಂದು ಬೆರಳು ನನ್ ಸವತಿಗೆ" ಎಂದು ಅತ್ತೆ ಹಂಗಿಸುತ್ತಿದ್ದರು. ಸವತಿ ಎಂದರೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿದ್ದ ಬಿಳಿ ಅಂಬಾಸಡರ್ ಕಾರು.

ನಾನು ಮದುವೆಯಾಗಿ ಉಯ್ಯಂಬಳ್ಳಿಯಿಂದ ಅಕ್ಕೂರಿಗೆ ಬರುವ ಹೊತ್ತಿಗೆ ಆ ಸವತಿಯೂ ಮುದುಕಿಯಾಗಿದ್ದಳು. ಮಾವ ಹಿಂದಿನ ಸೀಟು ಬಿಚ್ಚಿಟ್ಟು, ರೇಷ್ಮೆಗೂಡಿನ ಚೀಲ ತುಂಬಿಕೊಂಡು, ಅದರಲ್ಲೇ ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಮದುವೆ ಮುಂಜಿಗೆ ಹೊರಟರೆ ಸೀಟು ಮತ್ತೆ ಕೂರುತ್ತಿತ್ತು, ಗೂಡಿನ ವಾಸನೆ ಮಾತ್ರ ಇಳಿಯುತ್ತಿರಲಿಲ್ಲ. ನಮ್ಮ ರೇಷ್ಮೆ ಸೀರೆಗಳು ಹುಳುವಿನ ವಾಸನೆಯನ್ನೇ ಹೊತ್ತು ಛತ್ರದೊಳಗೆ ಹೋಗುತ್ತಿದ್ದವು.

ಬೆಳಿಗ್ಗೆ ಕಾಫಿಗಿಂತ ಮೊದಲು ಬಾನೆಟ್ ಏಳುತ್ತಿತ್ತು. ಇಂಜಿನ್ನಿನ ಎಣ್ಣೆ ನೋಡುವ ಉದ್ದನೆಯ ಕಡ್ಡಿಯನ್ನು ಎಳೆದು, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಒಳಗಿಟ್ಟು, ಮತ್ತೆ ಎಳೆಯುವರು. ತುದಿಯಲ್ಲಿ ಎರಡು ಗೀಟು. ಎಣ್ಣೆ ಅವುಗಳ ನಡುವೆ ಇರಬೇಕು. ಆಮೇಲೆ ಒಂದು ತೊಟ್ಟನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡುವರು. ಒಮ್ಮೆ ಅವರು ಬಸ್ಸಿನಲ್ಲಿ ಮಾಗಡಿಗೆ ಹೋಗಿದ್ದಾಗ ಅತ್ತೆ, ಪಾಪ, ನಂದಾದೀಪಕ್ಕೆ ಎರೆದ ಹಾಗೆ ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಇಂಜಿನ್ನಿಗೆ ಸುರಿದುಬಿಟ್ಟಿದ್ದರು. ಮಾರನೆಯ ದಿನ ಮೇಲಿನ ಗೀಟೇ ಮುಳುಗಿಹೋಗಿತ್ತು. ಮಾವ ಬೈಯಲಿಲ್ಲ. ಕಾರಿನಡಿ ಮಲಗಿ, ಹೆಚ್ಚಾದದ್ದನ್ನು ಬೋಗುಣಿಗೆ ಇಳಿಸುತ್ತಾ, "ದೀಪಕ್ಕೆ ತುಂಬ್ಸು ಕಣೇ, ತಪ್ಪಿಲ್ಲ. ಇವಳಿಗೆ ತುಂಬಿದ್ರೂ ಉಸಿರು ಕಟ್ತದೆ" ಎಂದರು.

ಮೊದಲ ಬಸಿರು ಐದನೇ ತಿಂಗಳಲ್ಲಿ ಹೋದ ಮೇಲೆ ನಾನು ತವರಿನಲ್ಲಿದ್ದು ಹಿಂತಿರುಗಿದೆ. ಮನೆಗೆ ಬಂದವರೆಲ್ಲ ಕೇಳಿದರು, ನಾನು ಎಲ್ಲರಿಗೂ ಚೆನ್ನಾಗಿದ್ದೀನಿ ಎಂದೆ. ಮರುದಿನ ಬೆಳಿಗ್ಗೆ ಶೆಡ್ಡಿನ ಮುಂದೆ ಹಾದುಹೋಗುವಾಗ ಮಾವನವರೂ ಕೇಳಿದರು.

"ಚೆನ್ನಾಗಿದ್ದೀಯೇನವ್ವಾ?"

"ಹೂಂ ಮಾವ."

ಅವರು ಕಡ್ಡಿ ಎಳೆದು, ಒರೆಸಿ, ಒಳಗಿಟ್ಟರು. "ಮೊದಲ್ನೇ ಸಲ ಬಂದದ್ದ ನಂಬಬಾರ್ದು ಕಣವ್ವ. ಅಲ್ಲಿ ಇಲ್ಲಿ ಮೆತ್ಕಂಡಿರ್ತದೆ. ಒರೆಸಿ ಇನ್ನೊಂದ್ಸಲ ನೋಡ್ಬೇಕು." ಕಡ್ಡಿಯನ್ನು ಎಳೆಯದೆ ನನ್ನ ಕಡೆ ತಿರುಗಿದರು. "ಈಗ ಹೇಳು. ಚೆನ್ನಾಗಿದ್ದೀಯಾ?"

ಬಾನೆಟ್ಟಿನ ಅಂಚು ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಅಷ್ಟು ದಿನ ಎಲ್ಲಿತ್ತೋ ಆ ಅಳು. ಕೊನೆಗೆ ಅವರು, "ಒಸಿ ಕಮ್ಮಿ ಆಗೈತೆ. ತುಂಬ್ಕತದೆ ಬುಡು" ಎಂದು ಪಂಚೆಯ ತುಂಡನ್ನು ನನ್ನ ಕೈಗಿಟ್ಟರು. "ನಾಳಿಂದ ನೀನೇ ನೋಡವ್ವ. ನಂಗೆ ಗೀಟು ಕಾಣಾಕಿಲ್ಲ."

ಹಸಿ ಸುಳ್ಳು. ತಟ್ಟೆ ತುಂಬಾ ಹುಳುವಿನ ನಡುವೆ ಸಪ್ಪಗಾದ ಒಂದೇ ಒಂದನ್ನು ಹೆಕ್ಕಿ ತೆಗೆಯುವ ಕಣ್ಣು ಅವರದು. ನಾನು ಕೋಣೆಯಿಂದ ಹೊರಗೆ ಬರಲಿ, ಬೆಳಕಿನಲ್ಲಿ ಒಂದು ಗಳಿಗೆ ನಿಲ್ಲಲಿ ಎಂದು ಆಡಿದ ಮಾತು. ನನಗೂ ಅದು ಗೊತ್ತಿತ್ತು. ಆದರೂ ದಿನಾ ಹೋದೆ.

ವರ್ಷಗಳು ಕಳೆದು ಆ ಸುಳ್ಳೇ ನಿಜವಾಯಿತು. ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಆಗ ನಾನು ಕಡ್ಡಿಯ ತುದಿಯನ್ನು ಅವರ ಹೆಬ್ಬೆರಳಿಗೆ ಮುಟ್ಟಿಸುತ್ತಿದ್ದೆ. ಉಜ್ಜಿ ನೋಡಿ, "ಜಿಡ್ಡು ಐತೆ, ಇನ್ನೊಂದ್ ಬೆಳೆ ಗೂಡಿಗಾಯ್ತದೆ" ಎನ್ನುವರು. ಸ್ಟೇರಿಂಗ್ ಹಿಡಿದು ಕೂರುತ್ತಿದ್ದವಳು ನಾನು. ಪಕ್ಕದಲ್ಲಿ ಕೂತು, ಕಾಣದ ರಸ್ತೆಯ ಹಳ್ಳಗಳನ್ನೆಲ್ಲ ನನಗಿಂತ ಮೊದಲೇ ಹೇಳುತ್ತಿದ್ದರು.

ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಅವರ ಕೊನೆಯ ದಿನಗಳು. ಒಂದು ಬೆಳಿಗ್ಗೆ ಕೇಳಿದೆ, "ಹೇಗಿದ್ದೀರ ಮಾವ?"

"ಚೆನ್ನಾಗಿವ್ನಿ ಕಣವ್ವ."

ಟವೆಲನ್ನು ಒದ್ದೆ ಮಾಡಿ ಅವರ ಮುಖ ಒರೆಸಿದೆ, ಕುತ್ತಿಗೆ ಒರೆಸಿದೆ. ಆಮೇಲೆ ಕೈ ಹಿಡಿದುಕೊಂಡು ಇನ್ನೊಂದು ಸಲ ಕೇಳಿದೆ. ಅವರಿಗೆ ತಿಳಿಯಿತು. ತುಟಿಯ ಅಂಚಿನಲ್ಲಿ ನಗು ಬಂತು.

"ಒಸಿ ಕಮ್ಮಿ ಐತೆ" ಎಂದರು.

ಈಗ ಗೂಡು ಟೆಂಪೋದಲ್ಲಿ ಹೋಗುತ್ತದೆ. ಕಾರು ಶೆಡ್ಡಿನಲ್ಲೇ ಇದೆ. ಬೆಳಿಗ್ಗೆ ಎದ್ದು ಕಡ್ಡಿ ಎಳೆಯುತ್ತೇನೆ, ಒರೆಸುತ್ತೇನೆ, ಮತ್ತೆ ಎಳೆಯುತ್ತೇನೆ. ನನ್ನ ಹೆಬ್ಬೆರಳೂ ಕಪ್ಪಾಗಿದೆ, ಸೀಗೆಪುಡಿಗೆ ಹೋಗುವುದಿಲ್ಲ. ಚೆನ್ನಾಗಿದ್ದೀಯಾ ಎಂದು ಕೇಳುವವರಿಗೇನೂ ಬರವಿಲ್ಲ. ಹೂಂ ಎಂದ ಕೂಡಲೇ ಮಾತು ಬೇರೆ ಕಡೆ ಹೊರಳುತ್ತದೆ. ನಾನು ಮಾತ್ರ ಒಂದು ಗಳಿಗೆ ಅಲ್ಲೇ ನಿಂತಿರುತ್ತೇನೆ, ಇನ್ನೊಂದು ಸಲ ಕೇಳಲಿ ಎಂದು.