ಅಕ್ಕನಿಗೆಂದು ಪಡೆದ ನಂಬರ್

ಅಕ್ಕ ಕಮಲಾಪುರದ ಶಾಲೆಯಲ್ಲಿ ಟೀಚರ್. ನಾನು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಅಂಗಡಿಗಳಿಗೆ ಇಂಟರ್‌ನೆಟ್ ಹಂಚುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಆಕೆಗೊಂದು ಕಂಪ್ಯೂಟರ್ ಕೂಡಿಸಿಕೊಟ್ಟು, ನನ್ನ ಅಂಗಡಿಯ ಕಂಪ್ಯೂಟರಿಗೆ ನೇರ ಚೀಟಿ ಬರೆಯುವಂತೆ ಮಾಡಿದ್ದೆ. ಅದಕ್ಕೆ ಬೇಕಾದದ್ದು ನನ್ನ ಐಪಿ ನಂಬರ್, ಅಂದರೆ ಇಂಟರ್‌ನೆಟ್‌ನಲ್ಲಿ ನನ್ನ ಅಂಗಡಿಯ ವಿಳಾಸ. ಎಂದೂ ಬದಲಾಗಬಾರದೆಂದು ಹಟಹಿಡಿದು ಪಡೆದ ನಂಬರ್. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬರೆಯುತ್ತಿದ್ದಳು: "ಮಧ್ಯಾಹ್ನ ಉಂಡ್ಯೋ ಇಲ್ಲೋ, ತಮ್ಮಾ?"

ಅವ್ವನ ಮೊದಲ ತಿಥಿ ಬಂತು. ಅವ್ವ ತೀರಿಕೊಂಡದ್ದು ಅಕ್ಕನ ಮನೆಯಲ್ಲಿ. ತಿಥಿಯೂ ಅಲ್ಲೇ ಆಗಲಿ ಎಂದಳು. ಮಗ ನಾನಿದ್ದೇನೆ, ನನ್ನ ಮನೆಯಲ್ಲೇ ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. "ತಿಥಿ ಮಾತು ಮತ್ತ ಬರೀಬ್ಯಾಡ" ಎಂದು ಕಳಿಸಿದೆ.

ಮರುದಿನವೇ ನನಗೆ ಇಂಟರ್‌ನೆಟ್ ಲೈನ್ ಕೊಡುವ ಕಂಪನಿಯವನ ಜೊತೆಗೂ ಜಗಳ. ಬೇರೆ ಕಂಪನಿಗೆ ಹೋಗುತ್ತೇನೆ ಎಂದಾಗ ಅವನು ನಕ್ಕ.

"ಹೋಗ್ರೀ. ನಂಬರ್ ಇಲ್ಲೇ ಬಿಟ್ಟು ಹೋಗ್ರಿ."

"ನನ್ನ ನಂಬರ್ ರೀ ಅದು!"

"ಲೈನ್ ನಮ್ದು, ನಂಬರೂ ನಮ್ದ. ನೀವು ಬಾಡಿಗಿಗೆ ಇದ್ರಿ, ಅಷ್ಟ."

ಬಿಟ್ಟೇ ಬಂದೆ. ಹೊಸ ಕಂಪನಿ ಕೊಟ್ಟ ನಂಬರನ್ನು ಅಂಗಡಿ ಅಂಗಡಿಗೆ ಹೋಗಿ ಹಾಕಿದೆ. ಅಕ್ಕನ ಕಂಪ್ಯೂಟರ್ ಮಾತ್ರ ನೆನಪಿಗೇ ಬರಲಿಲ್ಲ. ಚೀಟಿಗಳು ನಿಂತಾಗ, ಮುನಿಸಿಕೊಂಡಿದ್ದಾಳೆ, ಮೊದಲು ಆಕೆಯೇ ಮಾತಾಡಲಿ ಎಂದು ಬಿಗಿದುಕೊಂಡು ಕೂತೆ. ಪಕ್ಕದಲ್ಲೇ ಫೋನಿತ್ತು, ಎತ್ತಲಿಲ್ಲ. ತಿಥಿಯ ದಿನ ಆಕೆಗೆಂದು ಹಾಕಿದ ಎಲೆ ಖಾಲಿ ಉಳಿಯಿತು.

ತಿಂಗಳಾದ ಮೇಲೆ ಒಮ್ಮೆಲೇ ಹೊಳೆಯಿತು: ಅಕ್ಕನ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ನಂಬರೇ ಇದೆ. ಕಮಲಾಪುರದ ಬಸ್ ಹತ್ತಿದೆ. ಅಕ್ಕ ಕುರ್ಚಿ ಹಾಕಿದಳು, ಕಪ್ಪು-ಬಸಿಯಲ್ಲಿ ಚಹಾ ಕೊಟ್ಟಳು. ಆ ಮನೆಯಲ್ಲಿ ನಾನು ಯಾವತ್ತೂ ಅಡುಗೆಮನೆಯ ನೆಲಕ್ಕೆ ಕೂತು ಸ್ಟೀಲ್ ಲೋಟದಲ್ಲಿ ಕುಡಿದವನು. ಕಂಪ್ಯೂಟರಿನ ಮೇಲೆ ಹೊದಿಸಿದ್ದ ಬಟ್ಟೆ ಸರಿಸಿ ಚಾಲೂ ಮಾಡಿದೆ. ನನಗೆ ಮುಟ್ಟದ ಚೀಟಿಗಳೆಲ್ಲ ಅಲ್ಲೇ ಇದ್ದವು. ಮೊದಲನೆಯದು: "ಆತು, ನಿನ್ನ ಮನ್ಯಾಗ ಮಾಡು. ನಾ ಬರ್ತೀನಿ." ಕೊನೆಯದು, ತಿಥಿಯ ಹಿಂದಿನ ದಿನದ್ದು: "ನಾ ಬಂದ್ರ ಒಳಗ ಕರೀತಿ ಇಲ್ಲೋ, ಅಷ್ಟರ ಹೇಳು."

"ಅಕ್ಕಾ, ನಂಬರ್ ಬದಲಾಗಿತ್ತ" ಎಂದೆ.

"ನನ್ನ ಮನಿ ಎಲ್ಲಿಗೂ ಹೋಗಿದ್ದಿಲ್ಲಲ್ಲ" ಎಂದಳು.

ಆಮೇಲೆ ನಂಬರ್ ಹಂಚುವ ಸಂಸ್ಥೆಗೇ ಅರ್ಜಿಯ ಮೇಲೆ ಅರ್ಜಿ ಹಾಕಿ, ಯಾವ ಕಂಪನಿಗೂ ಸೇರದ ನನ್ನವೇ ನಂಬರುಗಳನ್ನು ಪಡೆದೆ. ಲೈನ್ ಯಾರದ್ದಾದರೂ ಇರಲಿ, ನಂಬರ್ ನನ್ನ ಜೊತೆಗೇ ಬರುತ್ತದೆ. ಇಷ್ಟು ಸಣ್ಣ ಅಂಗಡಿಗೆ ಇದೆಲ್ಲ ಯಾಕೆ ಎಂದು ಗುರುತಿನವರು ನಕ್ಕರು. ಅವುಗಳಲ್ಲಿ ಮೊದಲನೆಯದನ್ನು ಅಕ್ಕನ ಚೀಟಿಗಳಿಗೆಂದೇ ಮೀಸಲಿಟ್ಟೆ. ಆಕೆಯ ಕಂಪ್ಯೂಟರಿನಲ್ಲಿ ನಾನೇ ಹಾಕಿ ಬಂದೆ. ಆಕೆ ಬೇಡವೆನ್ನಲಿಲ್ಲ.

ಅಂದಿನಿಂದ ಮೂರು ಕಂಪನಿ ಬದಲಾಯಿಸಿದ್ದೇನೆ. ನಂಬರ್ ಅದೇ ಇದೆ. ಶಾಲೆ ಬಿಡುವ ಹೊತ್ತಿಗೆ ತೆರೆದು ನೋಡುತ್ತೇನೆ. ಒಂದು ಚೀಟಿಯೂ ಬಂದಿಲ್ಲ. ಹಬ್ಬಕ್ಕೆ ಹೋದರೆ ಅಕ್ಕ ಈಗಲೂ ಕಪ್ಪು-ಬಸಿಯಲ್ಲೇ ಚಹಾ ಕೊಡುತ್ತಾಳೆ.