ಸುಮತಿ ಚಿಕ್ಕಮ್ಮನ ಮನೆಗೆ ಹೋದ ರಜೆ

1995ರಲ್ಲಿ ನಾನು ದೋಹಾದ ಒಂದು ಭಾರತೀಯ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರಾಗಿದ್ದೆ. ಪಾಠದ ಜೊತೆಗೆ ಸ್ಟೂಡೆಂಟ್ ಕೌನ್ಸಿಲ್‌ನ ಹೊಣೆಯೂ ನನ್ನ ತಲೆಯ ಮೇಲಿತ್ತು. ಮಕ್ಕಳನ್ನು ನಾಲ್ಕು ಹೌಸ್‌ಗಳಾಗಿ ಹಂಚುವುದು, ಪ್ರತಿ ಹೌಸ್‌ಗೊಬ್ಬ ಕ್ಯಾಪ್ಟನ್‌ನನ್ನು ಆರಿಸುವುದು, ಅವರಿಗೆ ನಾಯಕತ್ವ ಕಲಿಸುವುದು ಕೌನ್ಸಿಲ್‌ನ ಕೆಲಸ. ಕಾರ್ಕಳ ತಾಲೂಕಿನ ಹಳ್ಳಿಯೊಂದರ ಬ್ಯಾರಿ ಮುಸ್ಲಿಮರ ಮನೆಯಲ್ಲಿ ಹುಟ್ಟಿದವಳು ನಾನು. ಗಂಡನ ಜೊತೆ ದೋಹಾದ ಬಿನ್ ಒಮ್ರಾನ್ ಬಡಾವಣೆಯ ಫ್ಲಾಟಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಶಾಲೆಯ ಯಾವ ಮಗುವಿನ ಬಗ್ಗೆ ಕೇಳಿದರೂ ಫೈಲು ನೋಡದೆ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಜಂಬ ಇಳಿದ ಕಥೆ ಇದು.

ಸುಮತಿ ಒಂಬತ್ತನೆಯ ಕ್ಲಾಸಿನ ಹುಡುಗಿ, ನನ್ನ ನಾಲ್ವರು ಕ್ಯಾಪ್ಟನ್‌ಗಳಲ್ಲಿ ಒಬ್ಬಳು. ಮಾತು ಕಡಿಮೆ. ಆದರೆ ಅವಳು ಸಾಲಿನ ಮುಂದೆ ನಿಂತರೆ ಗದ್ದಲ ತಾನಾಗಿ ತಗ್ಗುತ್ತಿತ್ತು. ಅವಳ ಅಡ್ಮಿಶನ್ ಫಾರಂನಲ್ಲಿ ತಂದೆ ತಾಯಿಯ ಹೆಸರಿರಬೇಕಾದಲ್ಲಿ 'ಗಾರ್ಡಿಯನ್' ಎಂದು ಬರೆದು, ಕೋರ್ಟ್ ಆದೇಶದ ಜೆರಾಕ್ಸ್ ಲಗತ್ತಿಸಿದ್ದರು. ಆಗಿನ ಕಾನೂನಿನಲ್ಲಿ ಕ್ರೈಸ್ತ ದಂಪತಿಗಳಿಗೆ ಮಗುವನ್ನು ದತ್ತು ತೆಗೆದುಕೊಳ್ಳಲು ಅವಕಾಶವಿರಲಿಲ್ಲ. ಕೋರ್ಟು ಅವರನ್ನು ಮಗು ಪ್ರಾಪ್ತ ವಯಸ್ಸಿಗೆ ಬರುವವರೆಗೆ ಪೋಷಕರೆಂದು ನೇಮಿಸಬಹುದಿತ್ತು, ಅಷ್ಟೆ. ಸುಮತಿಯ ಪೋಷಕರು ರಿಚರ್ಡ್ ಮತ್ತು ಐರಿನ್, ಉಡುಪಿ ಕಡೆಯ ಕೊಂಕಣಿ ಮಾತಾಡುವ ಕ್ಯಾಥೊಲಿಕರು. ರಿಚರ್ಡ್ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ಕ್ಲಾರ್ಕ್. ಅವರ ಮನೆ ದೋಹಾ ಅಲ್ ಜದೀದಾ ಬಡಾವಣೆಯಲ್ಲಿತ್ತು.

ಆದೇಶದ ಮೊದಲ ಪುಟದಲ್ಲಿ ಮಗುವಿನ ಹಿನ್ನೆಲೆಯಿತ್ತು. ತಂದೆ ತಾಯಿ ಇಬ್ಬರೂ ಕಾಯಿಲೆಯಿಂದ ತೀರಿಕೊಂಡಿದ್ದರು. ಸಮುದಾಯ, ಕೊರಗ. ಕರಾವಳಿಯವರಿಗೆ ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕೊರಗರು ನಮ್ಮ ಜಿಲ್ಲೆಯ ಮೂಲನಿವಾಸಿಗಳು. ಕಾಡಿನ ಬೀಳು ಬಳ್ಳಿ ತಂದು ಬುಟ್ಟಿ ನೇಯುವವರು, ಡೋಲು ಬಡಿಯುವವರು, ತಮ್ಮದೇ ಭಾಷೆ ಉಳ್ಳವರು. ಊರಿನವರು ಅವರನ್ನು ಅಂಗಳದಾಚೆಯೇ ನಿಲ್ಲಿಸಿದ್ದರು. ಇಷ್ಟನ್ನು ಓದಿ, ಈ ಹುಡುಗಿಯನ್ನು ಮೇಲೆತ್ತುವ ಭಾಗ್ಯ ನನ್ನ ಪಾಲಿಗೆ ಬಂತು ಎಂದು ಹಿಗ್ಗಿದೆ. ಎರಡನೆಯ ಪುಟ ತಿರುವಿ ಹಾಕಲಿಲ್ಲ.

ಆ ವರ್ಷ ಏಪ್ರಿಲ್ ಕೊನೆಯಲ್ಲಿ ಶಾಲೆಯ ಸಾಂಸ್ಕೃತಿಕ ದಿನವಿತ್ತು. ಒಂದೊಂದು ರಾಜ್ಯದ ಮಕ್ಕಳು ಒಂದೊಂದು ಐಟಂ ಕೊಡಬೇಕು. ಕರ್ನಾಟಕದ ಪಾಲಿಗೆ ನಾನು ಡೋಲು ಕುಣಿತ ಗೊತ್ತು ಮಾಡಿದೆ. ಹನ್ನೆರಡು ಮಕ್ಕಳು, ಮುಂದೆ ಸುಮತಿ. ಡೋಲು ಸಿಗದೆ ಕೇರಳದವರ ಚೆಂಡೆಯನ್ನು ಎರವಲು ತಂದೆ. ತನ್ನ ಸಂಸ್ಕೃತಿಯನ್ನು ತಾನೇ ಮುನ್ನಡೆಸುವುದಕ್ಕಿಂತ ದೊಡ್ಡ ನಾಯಕತ್ವ ಯಾವುದು ಎಂದು ಸ್ಟಾಫ್ ರೂಮಿನಲ್ಲಿ ಭಾಷಣವನ್ನೂ ಬಿಗಿದೆ. ಸುಮತಿಗೆ ತಿಳಿಸಿದಾಗ ಅವಳು "ಆಯ್ತು ಮಿಸ್" ಎಂದಳು. ಆ 'ಆಯ್ತು' ಎಷ್ಟು ಸಣ್ಣ ದನಿಯಲ್ಲಿ ಬಂತೆಂದು ನಾನು ಗಮನಿಸಲಿಲ್ಲ.

ಐದು ದಿನ ಪ್ರಾಕ್ಟೀಸ್ ನಡೆಯಿತು. ಆರನೆಯ ದಿನ ಅವಳು ಕ್ಯಾಪ್ಟನ್ ಬ್ಯಾಜನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು.

"ಏನಿದು?"

"ನನಗೆ ಬೇಡ ಮಿಸ್. ಕ್ಯಾಪ್ಟನ್ ಆದ್ರೆ ಡೋಲು ಬಡೀಬೇಕಲ್ಲ."

"ಅದು ನಿಮ್ಮದೇ ಅಲ್ವಾ ಸುಮತಿ? ನಾಚಿಕೆ ಯಾಕೆ?"

"ನಾಚಿಕೆ ಅಲ್ಲ ಮಿಸ್. ನಮಗೆ ಬೇಕಾದಾಗ ನಾವು ಬಡೀತೇವೆ. ಬೇರೆಯವರು ಬಡೀ ಅಂದಾಗ ಬಡಿಯುದು... ದಟ್ ಈಸ್ ಡಿಫರೆಂಟ್. ಅಮ್ಮ ಸಾಯುವ ಮೊದಲು ಹೇಳಿದ್ರು, ಯಾರು ಕರೆದ್ರೂ ಹೋಗ್ಬೇಡ ಅಂತ."

ಇದು ನನಗೆ ತಿಳಿಯದ ವಿಷಯವಲ್ಲ. ನನ್ನ ತವರಿನಲ್ಲಿ ಕಂಬಳದ ಹಿಂದಿನ ದಿನ ಕೊರಗರನ್ನು ಕರೆಸಿ ಗದ್ದೆಯ ಬದಿಯಲ್ಲಿ ಡೋಲು ಬಡಿಸುತ್ತಿದ್ದರು. ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ನಾನು ಅಣ್ಣಂದಿರ ಜೊತೆ ಹೋಗಿ ಕಣ್ಣಾರೆ ನೋಡಿದ್ದೆ, ನೋಡಿ ಖುಷಿಪಟ್ಟಿದ್ದೆ. ಮೂವತ್ತು ವರ್ಷ ಅದನ್ನು ಹಬ್ಬದ ನೆನಪೆಂದೇ ಇಟ್ಟುಕೊಂಡು, ದೋಹಾದ ಸ್ಟೇಜಿನಲ್ಲಿ ಅದನ್ನೇ ಮಾಡಿಸಲು ಹೊರಟಿದ್ದೆ. ಮಾಡಿಸಿದ್ದು ಅದೇ, ಇಟ್ಟ ಹೆಸರು ಮಾತ್ರ ನಾಯಕತ್ವ. ಬದುಕಿನಲ್ಲಿ ಅಷ್ಟು ನಾಚಿಕೆ ನನಗೆ ಇನ್ನೊಮ್ಮೆ ಆದದ್ದಿಲ್ಲ.

ಆವತ್ತು ಶಾಲೆ ಬಿಟ್ಟ ಮೇಲೆ ಫೈಲು ತೆಗೆದು ಎರಡನೆಯ ಪುಟ ಓದಿದೆ. ಅಲ್ಲಿ ಒಂದು ಷರತ್ತಿತ್ತು. ಪೋಷಕರು ಪ್ರತಿ ವಾರ್ಷಿಕ ರಜೆಯಲ್ಲಿ ಮಗುವಿಗೆ ತಾಯಿಯ ತಂಗಿಯನ್ನು ಭೇಟಿ ಮಾಡಿಸಬೇಕು, ಮಗುವಿಗೆ ತನ್ನವರ ಸಂಪರ್ಕ ತಪ್ಪಬಾರದು. ಪ್ರಿನ್ಸಿಪಾಲರ ಬಳಿ ಹೋಗಿ ಐಟಂ ರದ್ದು ಎಂದೆ. ಅವರು ಮಲಯಾಳಿ, ಗಡಿಯಾರದ ಮನುಷ್ಯ. ಐದು ನಿಮಿಷ ಖಾಲಿ ಬೀಳುತ್ತದಲ್ಲ ಎಂದು ಗೊಣಗಿದರು. ಬೀಳಲಿ ಸರ್, ತಪ್ಪು ನನ್ನದು ಎಂದೆ. ಮರುದಿನ ಹನ್ನೆರಡು ಮಕ್ಕಳ ಎದುರಿಗೂ ಅಷ್ಟನ್ನೇ ಹೇಳಿದೆ. ಸುಮತಿಯ ಮನೆಯ ವಿಷಯ ಎತ್ತಲಿಲ್ಲ.

ಶುಕ್ರವಾರ ರಜೆ. ಬೆಳಿಗ್ಗೆ ಹತ್ತಕ್ಕೆ ರಿಚರ್ಡ್ ಮನೆಗೆ ಹೋದೆ. ಐರಿನ್ ಬಾಗಿಲು ತೆರೆದವರೇ ಮುಖ ಬಿಗಿದುಕೊಂಡರು.

"ಆರು ವರ್ಷ ಯಾರ ಬಾಯಿಗೂ ಬೀಳದ ಹಾಗೆ ನೋಡಿಕೊಂಡಿದ್ದೇನೆ ಟೀಚರ್. ನೀವು ಒಂದೇ ವಾರದಲ್ಲಿ ಸ್ಟೇಜಿಗೆ ತಂದ್ರಿ."

ನಾನು ತಪ್ಪಾಯಿತೆಂದು ಒಪ್ಪಿಕೊಂಡೆ. ಚಹಾ ಬಂತು. ಸುಮತಿ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಚಿಕ್ಕಮ್ಮನನ್ನು ನೋಡಿ ಎಷ್ಟು ದಿನವಾಯಿತು ಎಂದು ನಾನು ಅವಳನ್ನು ಕೇಳಿದೆ. ಉತ್ತರ ಕೊಟ್ಟವರು ಐರಿನ್. "ಪ್ರತಿ ರಜೆಗೆ ತೋರಿಸ್ತೇವೆ ಮಾರಾಯ್ರೆ. ರಿಕ್ಷಾ ಕಳಿಸಿ ನಮ್ಮ ಮನೆಗೇ ಕರೆಸ್ತೇವೆ."

"ಅರ್ಧ ಗಂಟೆ," ಎಂದಳು ಸುಮತಿ. "ಚಿಕ್ಕಮ್ಮ ಒಳಗೆ ಬರುದಿಲ್ಲ ಮಿಸ್. ಮೆಟ್ಟಿಲಲ್ಲಿ ಕೂತು ಚಹಾ ಕುಡೀತಾರೆ. ನನ್ನನ್ನು ಮುಟ್ಟುದೂ ಇಲ್ಲ, ಫ್ರಾಕ್ ಕೊಳೆ ಆಗ್ತದೆ ಅಂತಾರೆ. ಹೋದ ವರ್ಷ ನಮ್ಮ ಭಾಷೆಯಲ್ಲಿ ಏನೋ ಕೇಳಿದ್ರು. ಭಾಷೆ ಮರೆತುಹೋಗಿದೆ, ನನಗೆ ಗೊತ್ತಾಗ್ಲಿಲ್ಲ. ಅವರು ಮತ್ತೆ ಕೇಳ್ಲಿಲ್ಲ."



"ನಿನಗೇನು ಬೇಕು ಸುಮತಿ?" ಎಂದೆ. ಐದು ದಿನದ ಪ್ರಾಕ್ಟೀಸಿಗೆ ಮುಂಚೆ ಕೇಳಬೇಕಿದ್ದ ಪ್ರಶ್ನೆ.

"ಚಿಕ್ಕಮ್ಮನ ಮನೆಯಲ್ಲಿ ಇರ್ಬೇಕು. ಈ ರಜೆಯಲ್ಲಿ. ಭಾಷೆ ಬರುವಷ್ಟು ದಿನ."

ಐರಿನ್ ಕಣ್ಣಲ್ಲಿ ನೀರು ತುಂಬಿತು. ಸಿಟ್ಟೆಂದು ನಾನು ತಿಳಿದದ್ದು ಭಯವಾಗಿತ್ತು. "ಅಲ್ಲಿ ಕರೆಂಟ್ ಇಲ್ಲ, ಬಾತ್ರೂಮ್ ಇಲ್ಲ. ಊರಿನವರು ಅವರ ಹತ್ರ ಹೇಗೆ ಮಾತಾಡ್ತಾರೆ ಅಂತ ಇವಳಿಗೆ ನೆನಪಿಲ್ಲ. ಅದನ್ನೆಲ್ಲ ಸಹಿಸ್ತಾಳೆ ಅಂತಲೇ ಇಟ್ಟುಕೊಳ್ಳಿ. ಮತ್ತೆ ಇವಳಿಗೇ ನಾನು ಬೇಡ ಅನ್ನಿಸಿದ್ರೆ? ನನಗೆ ಇವಳನ್ನು ಬಿಟ್ಟರೆ ಯಾರಿದ್ದಾರೆ ಟೀಚರ್?"

ರಿಚರ್ಡ್ ಚಹಾದ ಕಪ್ಪನ್ನು ಕೆಳಗಿಟ್ಟರು. "ಕೋರ್ಟ್ ನಮಗೆ ಹೇಳಿದ್ದರಲ್ಲಿ ನಾವು ಅರ್ಧ ಮಾತ್ರ ಮಾಡಿದ್ದು, ಐರಿನ್. ಹೋಗಿ ಬರ್ಲಿ. ಖಲಾಸ್."

ಬ್ಯಾಜನ್ನು ಸುಮತಿ ವಾರದೊಳಗೆ ಮರಳಿ ಪಡೆದಳು, ಒಂದು ಷರತ್ತಿನ ಮೇಲೆ. ಯಾವ ಮಗು ಏನು ಮಾಡಬೇಕೆಂದು ಆ ಮಗುವನ್ನೇ ಮೊದಲು ಕೇಳಬೇಕು. ಕೇಳುತ್ತಾ ಹೋದಳು. ಕೊನೆಗೆ ಕರ್ನಾಟಕದ ಪಾಲಿನ ಐದು ನಿಮಿಷದಲ್ಲಿ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಮಗುವನ್ನು ತೂಗುವ ಹಾಡನ್ನು ಒಂದೊಂದು ಸಾಲು ಹಾಡಿದರು. ತುಳು, ಕೊಂಕಣಿ, ಬ್ಯಾರಿ, ಕನ್ನಡ. ಸುಮತಿ ಹಾಡಲಿಲ್ಲ. ನನಗೆ ನೆನಪಿಲ್ಲ, ಮುಂದಿನ ವರ್ಷ ನೋಡುವಾ ಎಂದಳು. ಪರದೆಯ ಬದಿಯಲ್ಲಿ ನಿಂತು ಪುಟ್ಟ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕಳಿಸಿದಳು. ನಾನು ಕೈಕಟ್ಟಿ ಕೂತೆ, ನನ್ನ ಮಟ್ಟಿಗೆ ಅದು ಸಣ್ಣ ಸಾಧನೆಯಲ್ಲ.

ಜುಲೈ ಮೊದಲ ವಾರ ಅವರು ಊರಿಗೆ ಹೋದರು. ನಾನು ಆ ವರ್ಷ ದೋಹಾದಲ್ಲೇ ಉಳಿದಿದ್ದೆ. ಆಗಸ್ಟ್ ಆರಂಭದಲ್ಲಿ ರಿಚರ್ಡ್ ರಜೆ ಮುಗಿದು ದಂಪತಿಗಳು ಮರಳಿದರು, ಇಬ್ಬರೇ. ಐರಿನ್ ಮರುದಿನವೇ ನಮ್ಮ ಫ್ಲಾಟಿಗೆ ಬಂದರು. ಸುಮತಿಯನ್ನು ಚಿಕ್ಕಮ್ಮನ ಮನೆಯಲ್ಲಿ ಹತ್ತು ದಿನವೆಂದು ಬಿಟ್ಟಿದ್ದರಂತೆ. ಕರೆತರಲು ಹೋದಾಗ ಶಾಲೆ ಶುರುವಾಗುವವರೆಗೂ ಇರುತ್ತೇನೆ ಎಂದಳಂತೆ.

"ಎಳ್ಕೊಂಡು ಬರಬಹುದಿತ್ತು. ಕೋರ್ಟಿನ ಕಾಗದ ನನ್ನ ಬ್ಯಾಗಲ್ಲೇ ಇತ್ತು," ಎಂದರು ಐರಿನ್. "ಆದ್ರೆ ಅವಳು ಅಲ್ಲಿ ನಗ್ತಾ ಇದ್ಲು ಟೀಚರ್. ನಮ್ಮ ಮನೆಯಲ್ಲಿ ಅಷ್ಟು ಜೋರು ನಕ್ಕದ್ದಿಲ್ಲ. ಬಿಟ್ಟು ಬಂದೆ."

ಚಿಕ್ಕಮ್ಮನಿದ್ದ ಕೊರಗರ ಕಾಲೊನಿಯಲ್ಲಿ ಫೋನಿರಲಿಲ್ಲ. ಶುಕ್ರವಾರಗಳಂದು ಸುಮತಿ ಪೇಟೆಯ ಅಂಗಡಿಗೆ ನಡೆದು ಬಂದು ಫೋನಿಗಾಗಿ ಕಾಯಬೇಕೆಂದು ಮಾತಾಗಿತ್ತು. ಮೊದಲೆರಡು ವಾರ ಬಂದಳು. ಮೂರನೆಯ ಶುಕ್ರವಾರ ಬರಲಿಲ್ಲ. ನಾಲ್ಕನೆಯದಕ್ಕೂ ಬರಲಿಲ್ಲ. ಮಳೆಗೆ ದಾರಿಯ ತೋಡು ತುಂಬಿ ಹರಿಯುತ್ತಿದೆ, ಆಚೆಯಿಂದ ಯಾರೂ ಬಂದಿಲ್ಲ ಎಂದು ಅಂಗಡಿಯವನು ಹೇಳಿದ. ಐರಿನ್ ನಂಬಲಿಲ್ಲ. ನಿಜ ಹೇಳುವುದಾದರೆ ನಾನೂ ನಂಬಲಿಲ್ಲ. ಪೋಷಕರ ಮಡಿಲಿಂದ ಮಗುವನ್ನು ಕಿತ್ತವಳು ನಾನೇ ಎನಿಸಿ ಊಟ ಸೇರುತ್ತಿರಲಿಲ್ಲ.

ರಜೆಗೆ ನಮ್ಮೂರ ಕಡೆ ಹೋಗಿದ್ದ, ದೋಹಾ ಬಳಿಯ ಉಮ್ಮ್ ಸಲಾಲ್‌ನ ಪರಿಚಿತ ಕುಟುಂಬವೊಂದು ಸೆಪ್ಟೆಂಬರ್ ಎರಡರಂದು ಬಾಂಬೆಯಿಂದ ಮರಳುವುದಿತ್ತು. ಸುಮತಿ ಬಸ್ಸಿನಲ್ಲಿ ಅವರ ಜೊತೆ ಬಾಂಬೆಗೆ ಬಂದು ವಿಮಾನ ಹತ್ತಬೇಕೆಂದು ಮೊದಲೇ ಗೊತ್ತು ಮಾಡಿದ್ದರು. ಆವತ್ತು ಮಧ್ಯಾಹ್ನ ನಾವು ಮೂವರೂ ಏರ್‌ಪೋರ್ಟಿನಲ್ಲಿ ನಿಂತೆವು. ಆ ಕುಟುಂಬದ ಗಂಡ ಹೊರಬಂದರು, ಹೆಂಡತಿ ಬಂದರು, ಮಕ್ಕಳು ಬಂದರು. ಐರಿನ್ ನನ್ನ ಮೊಣಕೈಯನ್ನು ಉಗುರು ಊರುವಷ್ಟು ಹಿಡಿದಿದ್ದರು. ಆ ಮಕ್ಕಳ ಹಿಂದೆ ಟ್ರಾಲಿ ತಳ್ಳುತ್ತಾ ಸುಮತಿ ಬಂದಳು. ಕಪ್ಪಾಗಿದ್ದಳು, ತೆಳ್ಳಗಾಗಿದ್ದಳು, ಬೆರಳ ತುಂಬ ಬೀಳು ಸೀಳಿದ ಗೀರುಗಳು.

"ಯಾಕೆ ಫೋನ್ ಮಾಡ್ಲಿಲ್ಲ?" ಎಂದರು ಐರಿನ್. ಅಪ್ಪಿಕೊಳ್ಳುವ ಧೈರ್ಯವಿರಲಿಲ್ಲ.

"ತೋಡು ದಾಟ್ಲಿಕ್ಕೆ ಆಗ್ಲಿಲ್ಲ ಮಮ್ಮಿ. ಚಿಕ್ಕಮ್ಮ ಕೇಳಿದ್ರು, ನಿನ್ನ ಮಮ್ಮಿ ಅಂಗಳದಲ್ಲಿ ನಿಂತು ವಾಪಸ್ ಹೋದ್ರಲ್ಲ, ಯಾಕೆ ಅಂತ. ಮುಂದಿನ ರಜೆಗೆ ನೀವು ಉಳೀಲಿಕ್ಕೆ ಬರ್ಬೇಕಂತೆ."

"ನಾನಾ? ನಾನು ಎಲ್ಲಿ ಮಲಗುದು ಅಲ್ಲಿ?"

"ಒಂದೇ ಕೋಣೆ ಇರುದು. ಚಿಕ್ಕಮ್ಮನ ಮತ್ತೆ ನನ್ನ ನಡುವೆ."

ಐರಿನ್ ಅಳತೊಡಗಿದರು. ರಿಚರ್ಡ್ ಟ್ರಾಲಿಯನ್ನು ತಾವು ತೆಗೆದುಕೊಂಡರು.

ಮುಂದೆ ಹನ್ನೆರಡು ವರ್ಷ ಕೌನ್ಸಿಲ್ ನಡೆಸಿದೆ. ನಾಯಕತ್ವವೆಂದರೆ ಮಗುವನ್ನು ಸ್ಟೇಜಿಗೆ ಹತ್ತಿಸುವುದೆಂದು ತಿಳಿದಿದ್ದ ನನಗೆ ಅದರ ನಿಜವಾದ ಅರ್ಥ ಕಲಿಸಿದವರು ಆ ಹುಡುಗಿ ಮತ್ತು ಅವಳನ್ನು ಸಾಕಿದ ಹೆಂಗಸು. ಒಬ್ಬಳು ಬೇಡ ಎಂದಳು, ಇನ್ನೊಬ್ಬಳು ಬಿಟ್ಟು ಬಂದಳು. ಎರಡನ್ನೂ ನಾನು ಯಾವ ಕ್ಯಾಪ್ಟನ್‌ಗೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಫಾರಂನಲ್ಲಿ 'ಗಾರ್ಡಿಯನ್' ಎಂದಿದ್ದ ಮಕ್ಕಳು ಇನ್ನೂ ನಾಲ್ವರು ಬಂದರು. ಪ್ರತಿಯೊಬ್ಬರ ಪೋಷಕರಿಗೂ ಅಡ್ಮಿಶನ್ ದಿನವೇ ಒಂದು ಮಾತು ಕೇಳುತ್ತಿದ್ದೆ. ರಜೆಯಲ್ಲಿ ಮಗು ತನ್ನವರ ಮನೆಯಲ್ಲಿ ಎಷ್ಟು ದಿನ ಉಳಿಯುತ್ತದೆ? ಭೇಟಿ ಮಾಡಿಸುತ್ತೇವೆ ಎಂದವರಿಗೆ, ಅದಲ್ಲ, ಉಳಿಯುತ್ತದೆಯೇ ಎಂದು ಇನ್ನೊಮ್ಮೆ ಕೇಳುತ್ತಿದ್ದೆ.